ಕ್ರಿಮಿ ಸತ್ತರೂ ನಂಜು ಉಳಿಯುತ್ತದೆ: ದನ ಸಾಕುವವರು ಯಾವಾಗ ಏನು ಮಾಡಬೇಕು

"ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು, ಒಳ್ಳೆ ಔಷಧಿಯೇ ಕೊಟ್ಟರು, ಆದರೂ ಹಸು ಉಳಿಯಲಿಲ್ಲ." ದನ ಸಾಕುವವರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಔಷಧಿ ಸರಿ ಇರಲಿಲ್ಲವೇನೋ, ಡೋಸ್ ಕಡಿಮೆ ಆಯಿತೇನೋ ಅಂತ ಆಮೇಲೆ ಎಷ್ಟೋ ದಿನ ಮನಸ್ಸು ಕೊರೆಯುತ್ತಲೇ ಇರುತ್ತದೆ. ಬಹಳ ಸಲ ಎರಡೂ ಕಾರಣ ಅಲ್ಲ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಆ ಬ್ಯಾಕ್ಟೀರಿಯಾ ಅಷ್ಟರಲ್ಲೇ ಮೈಯೊಳಗೆ ಬಿಟ್ಟಿರುವ ನಂಜನ್ನು ಅದು ಮುಟ್ಟುವುದೇ ಇಲ್ಲ. ಕ್ರಿಮಿ ಸತ್ತಿರುತ್ತದೆ, ನಂಜು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಇದೊಂದು ತಲೆಯಲ್ಲಿ ಕೂತರೆ ಕೊಟ್ಟಿಗೆಯಲ್ಲಿ ನಾವು ಮಾಡುವ ಕೆಲಸದ ಕ್ರಮವೇ ಬದಲಾಗುತ್ತದೆ. ಯಾವುದಕ್ಕೆ ಓಡಬೇಕು, ಯಾವುದಕ್ಕೆ ಮೊದಲೇ ಲಸಿಕೆ ಹಾಕಿಸಿರಬೇಕು, ಯಾವುದರಲ್ಲಿ ಹೆಣಕ್ಕೆ ಕೈ ಕೂಡ ಹಚ್ಚಬಾರದು ಅನ್ನುವುದು ಗೊತ್ತಾಗುತ್ತದೆ.

ನಂಜಿನಲ್ಲಿ ಎರಡು ಬಗೆ

ಮೊದಲನೆಯದು, ಬ್ಯಾಕ್ಟೀರಿಯಾ ಬದುಕಿರುವಾಗಲೇ ತಯಾರಿಸಿ ಹೊರಗೆ ಬಿಡುವ ನಂಜು. ಇದು ಒಂದು ಪ್ರೋಟೀನ್. ಒಂದೊಂದಕ್ಕೂ ಒಂದೊಂದು ಗುರಿ ಇರುತ್ತದೆ. ಧನುರ್ವಾಯುವಿನದು ನರಕ್ಕೆ, ಚಪ್ಪೆ ರೋಗದ್ದು ಮಾಂಸಖಂಡಕ್ಕೆ, ಎಳೆಗರುವಿನ ಬೇಧಿಯದು ಕರುಳಿಗೆ. 1888ರಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಅವರು ಮನುಷ್ಯರ ಡಿಫ್ತೀರಿಯಾದಲ್ಲಿ ಇದನ್ನು ತೋರಿಸಿದರು: ಕ್ರಿಮಿಯನ್ನೆಲ್ಲ ಸೋಸಿ ತೆಗೆದ ಬರೀ ದ್ರವವೇ ಪ್ರಾಣಿಯನ್ನು ಕೊಲ್ಲುತ್ತಿತ್ತು. ಈ ಬಗೆಯ ನಂಜಿನಲ್ಲಿ ನಮಗೆ ಅನುಕೂಲವಾದ ಒಂದು ಗುಣವೂ ಇದೆ. ಫಾರ್ಮಾಲಿನ್ ಹಾಕಿದರೆ ಅದರ ವಿಷ ಹೋಗುತ್ತದೆ, ಆದರೆ ಆಕಾರ ಬಹುಪಾಲು ಹಾಗೇ ಇರುತ್ತದೆ. ಅದನ್ನು ಚುಚ್ಚಿದರೆ ದೇಹ ಆ ಆಕಾರವನ್ನು ಗುರುತಿಟ್ಟುಕೊಳ್ಳುತ್ತದೆ. ಧನುರ್ವಾಯು, ಕರುಳು ಬೇನೆಗೆ ಲಸಿಕೆ ಇಷ್ಟು ಚೆನ್ನಾಗಿ ಕೆಲಸ ಮಾಡುವುದು ಇದರಿಂದಲೇ.

ಎರಡನೆಯದು ಬ್ಯಾಕ್ಟೀರಿಯಾದ ಹೊರಗೋಡೆಯಲ್ಲೇ ಇರುವ ನಂಜು. ಇ. ಕೊಲೈ, ಸಾಲ್ಮೊನೆಲ್ಲಾ, ಗಳಲೆ ರೋಗದ ಪಾಶ್ಚುರೆಲ್ಲಾ, ಇವೆಲ್ಲ ಈ ಗುಂಪಿನವು. ಅವು ಸತ್ತು ಒಡೆದಾಗ ಈ ನಂಜು ಜಾಸ್ತಿ ಹೊರಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಇದು ನೇರವಾಗಿ ಕೊಲ್ಲುವುದಕ್ಕಿಂತ ದೇಹವನ್ನೇ ಕೆರಳಿಸುತ್ತದೆ: ಜ್ವರ, ಬಾವು, ರಕ್ತನಾಳ ಸೋರುವುದು, ರಕ್ತದೊತ್ತಡ ಬೀಳುವುದು, ಕೊನೆಗೆ ಹಸು ನೆಲ ಹಿಡಿಯುವುದು. ಇಲ್ಲಿ ಬೇಗ ಗುರುತಿಸುವುದು, ನೀರು-ಲವಣ ತುಂಬುವುದು, ಬಾವು ಇಳಿಸುವ ಔಷಧಿ, ಈ ಮೂರೇ ಜೀವ ಉಳಿಸುವುದು.

ಮೊದಲು ಥರ್ಮಾಮೀಟರ್ ಇಟ್ಟುಕೊಳ್ಳಿ

ಸುಮ್ನೆ ಕಿವಿ ಮುಟ್ಟಿ ಜ್ವರ ಹೇಳುವುದು ಸಾಲದು. ದೊಡ್ಡ ದನದ ಸಾಮಾನ್ಯ ತಾಪಮಾನ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38.6 ಸೆಲ್ಸಿಯಸ್. 103 ದಾಟಿದರೆ ಜ್ವರ ಅಂತ ಇಟ್ಟುಕೊಳ್ಳಿ. ಥರ್ಮಾಮೀಟರನ್ನು ಗುದದೊಳಗೆ ಇಟ್ಟಾಗ ಅದರ ತುದಿ ಪಕ್ಕದ ಗೋಡೆಗೆ ತಾಗಿರಬೇಕು. ಸೆಗಣಿಯ ನಡುವೆ ಚುಚ್ಚಿಕೊಂಡರೆ ಕಡಿಮೆ ತೋರಿಸುತ್ತದೆ.

ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನಂಜೇರಿದ ಹಸುವಿಗೆ ಮೊದಲು ಜ್ವರ ಏರಿ ಆಮೇಲೆ ಸಾಮಾನ್ಯಕ್ಕಿಂತ ಕೆಳಗೆ ಇಳಿಯುತ್ತದೆ. "ಜ್ವರ ಬಿಟ್ಟಿತು" ಅಂತ ನಾವು ನೆಮ್ಮದಿ ಪಡುವ ಹೊತ್ತಿಗೆ ಅದು ಕೈ ಮೀರುತ್ತಿರುತ್ತದೆ. ಆದ್ದರಿಂದ ತಾಪಮಾನ ಒಂದನ್ನೇ ನೋಡಬೇಡಿ. ಎಡಗಡೆ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಎರಡು ನಿಮಿಷ ಹಿಡಿದುಕೊಳ್ಳಿ. ಆರೋಗ್ಯವಾಗಿರುವ ಹಸುವಿನ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಕೈಯನ್ನು ಹೊರಗೆ ತಳ್ಳುತ್ತದೆ. ನಂಜೇರಿದರೆ ಆ ತಳ್ಳಾಟ ನಿಂತಿರುತ್ತದೆ. ತುಟಿ ಎತ್ತಿ ವಸಡನ್ನು ಬೆರಳಲ್ಲಿ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ತಡವಾದರೆ, ಇಲ್ಲವೇ ವಸಡು ಇಟ್ಟಿಗೆ ಬಣ್ಣಕ್ಕೋ ನೀಲಿಗೋ ತಿರುಗಿದ್ದರೆ ಬೆಳಿಗ್ಗೆವರೆಗೆ ಕಾಯಬೇಡಿ. ಆದರೆ ಜೊಲ್ಲು ಸುರಿಸುತ್ತಾ ನುಂಗಲಾಗದೆ ನಿಂತ ದನದ ತುಟಿ ಎತ್ತಲು ಹೋಗಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಕೆಚ್ಚಲಿನಿಂದ ಏರುವ ನಂಜು

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ನಮ್ಮ ಹಸು ಕರು ಹಾಕಿ ಎರಡನೇ ದಿನ. ಸಂಜೆ ಚೆನ್ನಾಗಿಯೇ ಹಾಲು ಕೊಟ್ಟಿತ್ತು. ಬೆಳಗಿನ ಜಾವ ನೋಡಿದರೆ ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಕಿವಿ ತಣ್ಣಗಿದೆ. ಕರು ಹಾಕಿದ ಹೊಸತು, ಕ್ಯಾಲ್ಸಿಯಂ ಕಡಿಮೆಯಾಗಿರಬೇಕು ಅಂತಲೇ ಅಂದುಕೊಂಡೆ. ಡಾಕ್ಟರು ಬಂದವರು ಸೂಜಿ ಮುಟ್ಟುವ ಮೊದಲು ಬಗ್ಗಿ ನಾಲ್ಕೂ ಮೊಲೆಯನ್ನು ಒಂದೊಂದಾಗಿ ಹಿಂಡಿದರು. ಮೂರರಲ್ಲಿ ಹಾಲು ಬಂತು. ಹಿಂದಿನ ಎಡ ಮೊಲೆಯಿಂದ ಬಂದದ್ದು ಹಾಲಲ್ಲ, ತಿಳಿ ಹಳದಿ ನೀರು, ಅದರಲ್ಲಿ ನುಚ್ಚು ತೇಲಿದ ಹಾಗೆ ಸಣ್ಣ ಚೂರುಗಳು. ಆ ಭಾಗ ಗಟ್ಟಿಯಾಗಿತ್ತು, ಅಷ್ಟೇನೂ ದೊಡ್ಡದಾಗಿರಲಿಲ್ಲ. ನಾನು ದೂರದಿಂದ ನೋಡಿ ಏನೂ ಇಲ್ಲ ಅಂದುಕೊಂಡಿದ್ದೆ.

ಅದು ಇ. ಕೊಲೈನಿಂದ ಬರುವ ಕೆಚ್ಚಲು ಬಾವು. ಗೋಡೆಯ ನಂಜು ಕೆಚ್ಚಲಿನಿಂದ ಮೈಗೆಲ್ಲ ಏರಿ ಹಸುವನ್ನು ಬೀಳಿಸಿತ್ತು. ಕ್ಯಾಲ್ಸಿಯಂ ಕೊರತೆಯಿಂದ ಬಿದ್ದ ಹಸುವೂ ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಅಲ್ವಾ? ಇಲ್ಲೇ ಅಪಾಯ. ನಂಜೇರಿದ ಹಸುವಿನ ಹೃದಯ ಮೊದಲೇ ಸೋತಿರುತ್ತದೆ. ಅದಕ್ಕೆ ನರದಲ್ಲಿ ಜೋರಾಗಿ ಕ್ಯಾಲ್ಸಿಯಂ ಬಿಟ್ಟರೆ ಹೃದಯವೇ ನಿಲ್ಲಬಹುದು. ಕರು ಹಾಕಿದ ಹಸು ಬಿದ್ದರೆ ಮೊದಲು ನಾಲ್ಕೂ ಮೊಲೆಯ ಹಾಲು ಕೈಗೆ ಹಿಂಡಿ ನೋಡಿ, ಆಮೇಲೆ ಫೋನ್ ಮಾಡಿ, ನೋಡಿದ್ದನ್ನೇ ಡಾಕ್ಟರಿಗೆ ಹೇಳಿ.

ಡಾಕ್ಟರು ಬರುವ ತನಕ ನೀವು ಮಾಡಬಹುದಾದದ್ದು ಇಷ್ಟು. ಹಸುವನ್ನು ಎದೆಯ ಮೇಲೆ ಕೂರುವಂತೆ ಆನಿಸಿ, ಪಕ್ಕಕ್ಕೆ ಚಪ್ಪಟೆ ಬೀಳಲು ಬಿಡಬೇಡಿ, ಬಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಆ ಮೊಲೆಯನ್ನು ಆದಷ್ಟು ಖಾಲಿ ಮಾಡಿ. ಹಿಂಡಿದ್ದನ್ನು ನೆಲಕ್ಕೆ ಚೆಲ್ಲಬೇಡಿ, ಬೇರೆ ಬಕೆಟ್ಟಿನಲ್ಲಿ ಹಿಡಿದು ಕ್ರಿಮಿನಾಶಕ ಹಾಕಿ ದೂರ ಸುರಿಯಿರಿ. ಕುಡಿಯುವ ಶಕ್ತಿ ಇದ್ದರೆ ಉಗುರುಬೆಚ್ಚಗಿನ ನೀರು ಮುಂದಿಡಿ, ಆದರೆ ಬಾಯಿಗೆ ಸುರಿಯಬೇಡಿ. ಡಾಕ್ಟರು ಸಾಮಾನ್ಯವಾಗಿ ಬಾವು ಇಳಿಸುವ ಔಷಧಿ ಕೊಡುತ್ತಾರೆ, ನರದಲ್ಲಿ ಗಟ್ಟಿ ಉಪ್ಪಿನ ದ್ರಾವಣ ಕೊಟ್ಟು ಮೇಲೆ ಬಹಳಷ್ಟು ನೀರು ಕುಡಿಸುತ್ತಾರೆ. "ಆಂಟಿಬಯೋಟಿಕ್ ಯಾಕೆ ಮೊದಲು ಕೊಡಲಿಲ್ಲ" ಅಂತ ಜಗಳ ಆಡಬೇಡಿ. ನಂಜಿನ ಹೊಡೆತ ತಡೆದುಕೊಳ್ಳುವಂತೆ ಹಸುವನ್ನು ನಿಲ್ಲಿಸುವುದು ಇಲ್ಲಿ ಅಷ್ಟೇ ಮುಖ್ಯ.

ನಮ್ಮ ಹಸು ಉಳಿಯಿತು. ಆ ಮೊಲೆ ಮಾತ್ರ ಆ ಸೂಲಿನಲ್ಲಿ ಮತ್ತೆ ಹಾಲಿಗೆ ಬರಲಿಲ್ಲ.

ಇದು ಬರುವುದು ಸೆಗಣಿಯಿಂದ. ಹಾಲು ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆಯಾದರೂ ತೆರೆದಿರುತ್ತದೆ, ಆ ಹೊತ್ತಿನಲ್ಲಿ ಹಸು ಒದ್ದೆ ನೆಲದಲ್ಲಿ ಮಲಗಿದರೆ ಕ್ರಿಮಿ ನೇರ ಒಳಗೆ. ಅದಕ್ಕೆ ಮೇವನ್ನು ಹಾಲು ಕರೆಯುವ ಮೊದಲೇ ಹಾಕಿ ಮುಗಿಸಬೇಡಿ, ಕರೆದ ತಕ್ಷಣ ಹಾಕಿ. ತಿನ್ನುತ್ತಾ ನಿಂತಿರುತ್ತದೆ. ಇನ್ನೊಂದು ಬಗೆಯೂ ಇದೆ: ಕೆಚ್ಚಲಿನ ಒಂದು ಭಾಗ ನೀಲಿಯಾಗಿ, ಮಂಜಿನ ಹಾಗೆ ತಣ್ಣಗಾಗಿ, ಮುಟ್ಟಿದರೂ ಹಸುವಿಗೆ ಗೊತ್ತಾಗದಿದ್ದರೆ ಅದು ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್‌ನ ನಂಜು. ರಕ್ತ ಓಡಾಟ ನಿಂತು ಆ ಭಾಗ ಕೊಳೆಯುತ್ತಿರುತ್ತದೆ. ಅದೂ ತುರ್ತೇ.

ಎಳೆಗರುವಿನ ನೀರು ಬೇಧಿ

ಹುಟ್ಟಿದ ಮೊದಲ ನಾಲ್ಕೈದು ದಿನದಲ್ಲಿ ಕರು ನೀರಿನ ಹಾಗೆ ಬೇಧಿ ಮಾಡಿದರೆ ಮೊದಲ ಅನುಮಾನ ಇ. ಕೊಲೈ ಮೇಲೆ. ಈ ಬಗೆಯ ಇ. ಕೊಲೈ ಕರುಳಿನ ಗೋಡೆಗೆ ಅಂಟಿಕೊಂಡು ಒಂದು ನಂಜು ಬಿಡುತ್ತದೆ. ಅದು ಕರುಳನ್ನು ಕೊಳೆಸುವುದಿಲ್ಲ, ಹರಿದು ಹಾಕುವುದೂ ಇಲ್ಲ. ನಲ್ಲಿ ತಿರುಗಿಸಿ ಬಿಟ್ಟ ಹಾಗೆ ಮೈಯ ನೀರು, ಲವಣವನ್ನೆಲ್ಲ ಕರುಳಿಗೆ ಸುರಿಸುತ್ತದೆ ಅಷ್ಟೇ. ಕರು ಸಾಯುವುದು ನೀರು ಬತ್ತಿ, ರಕ್ತ ಹುಳಿಯಾಗಿ.

ಇದರಲ್ಲೇ ಒಂದು ಸಮಾಧಾನವೂ ಇದೆ. ಕರುಳಿನಲ್ಲಿ ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುವ ಒಂದು ಬಾಗಿಲಿದೆ. ಈ ನಂಜು ಆ ಬಾಗಿಲನ್ನು ಮುಚ್ಚುವುದಿಲ್ಲ. ಅವೆರಡು ಹೋದ ಹಿಂದೆಯೇ ನೀರೂ ಹೋಗುತ್ತದೆ. ಕರುಗಳಿಗೆಂದೇ ಬರುವ ಓಆರ್‌ಎಸ್ ಪುಡಿ ಕೆಲಸ ಮಾಡುವುದು ಈ ದಾರಿಯಲ್ಲಿ. ಒಂದು ಸಲಕ್ಕೆ ಸುಮಾರು ಎರಡು ಲೀಟರ್, ದಿನಕ್ಕೆ ಎರಡು ಮೂರು ಸಲ, ಮೈ ಬಿಸಿಯಷ್ಟೇ ಬೆಚ್ಚಗಿನ ನೀರಿನಲ್ಲಿ ಪ್ಯಾಕೆಟ್ ಮೇಲೆ ಹೇಳಿದ ಅಳತೆಯಲ್ಲೇ ಕಲಸಿ ಕೊಡಿ. ಗಟ್ಟಿ ಮಾಡಿದರೆ ಒಳ್ಳೆಯದು ಅಂದುಕೊಳ್ಳಬೇಡಿ, ಗಟ್ಟಿಯಾದರೆ ಅದೇ ಇನ್ನಷ್ಟು ನೀರನ್ನು ಕರುಳಿಗೆ ಎಳೆಯುತ್ತದೆ. ಹಾಲು ನಿಲ್ಲಿಸಬೇಡಿ. ಹಾಲು ನಿಲ್ಲಿಸಿದರೆ ಬೇಧಿ ಕಡಿಮೆಯಾದಂತೆ ಕಾಣುತ್ತದೆ ನಿಜ, ಆದರೆ ಕರು ಹಸಿವಿನಿಂದಲೇ ಸೋಲುತ್ತದೆ. ಓಆರ್‌ಎಸ್ ಬೇರೆ ಹೊತ್ತಿಗೆ, ಹಾಲು ಬೇರೆ ಹೊತ್ತಿಗೆ ಇರಲಿ.

ಕತ್ತಿನ ಚರ್ಮ ಚಿವುಟಿ ಎಳೆದು ಬಿಡಿ. ಕೂಡಲೇ ಸಮ ಆದರೆ ಪರವಾಗಿಲ್ಲ. ಮಡಿಕೆ ಹಾಗೇ ನಿಂತು ನಿಧಾನವಾಗಿ ಇಳಿದರೆ, ಕಣ್ಣುಗುಡ್ಡೆ ಗುಳಿ ಬಿದ್ದಿದ್ದರೆ ನೀರು ಬತ್ತಿದೆ. ಬಾಯಿಗೆ ಬೆರಳಿಟ್ಟಾಗ ಚೀಪುತ್ತಿದ್ದರೆ ಬಾಯಿಂದಲೇ ಕೊಡಬಹುದು. ಚೀಪುತ್ತಿಲ್ಲ, ಎದ್ದು ನಿಲ್ಲುತ್ತಿಲ್ಲ ಅಂದರೆ ಬಾಯಿಂದ ಸುರಿಯಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ನರದಲ್ಲಿ ದ್ರಾವಣ ಕೊಡಿಸಬೇಕು, ಅದೂ ಆವತ್ತೇ. ಕರುವಿಗೆ ಬೆರಳಿಟ್ಟ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಬೇಧಿಯ ಕೆಲವು ಕ್ರಿಮಿ ಮನುಷ್ಯರಿಗೂ ಬರುತ್ತವೆ.

ಬೇಧಿಯಲ್ಲಿ ರಕ್ತ ಬಂದು, ಹೊಟ್ಟೆನೋವಿಗೆ ಒದ್ದಾಡಿ, ಕೆಲವೇ ಗಂಟೆಗಳಲ್ಲಿ ಸಾಯುವ ಇನ್ನೊಂದು ಬಗೆ ಇದೆ. ಅದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ನಂಜು. ಇದರ ಕಥೆ ನನಗೆ ಬಹಳ ವಿಚಿತ್ರ ಅನ್ನಿಸುತ್ತದೆ. ಈ ನಂಜು ಪ್ರೋಟೀನ್ ಆದ್ದರಿಂದ ಕರುಳಿನ ಟ್ರಿಪ್ಸಿನ್ ಅನ್ನುವ ರಸ ಅದನ್ನು ಜೀರ್ಣ ಮಾಡಿ ಮುಗಿಸಿಬಿಡುತ್ತದೆ. ಆದರೆ ಗಿಣ್ಣು ಹಾಲಿನಲ್ಲಿ ಆ ಟ್ರಿಪ್ಸಿನ್ನನ್ನೇ ತಡೆಯುವ ಅಂಶ ಇದೆ. ತಾಯಿಯ ರಕ್ಷಣಾ ಪ್ರೋಟೀನುಗಳು ಜೀರ್ಣವಾಗದೆ ಕರುವಿನ ರಕ್ತ ಸೇರಲಿ ಅಂತ ಇರುವ ಏರ್ಪಾಡು ಅದು. ಅದರ ಮರೆಯಲ್ಲಿ ನಂಜೂ ಉಳಿದುಕೊಳ್ಳುತ್ತದೆ. ಹಾಗಂತ ಗಿಣ್ಣು ಹಾಲು ಕಡಿಮೆ ಮಾಡಬೇಕೇ? ಖಂಡಿತ ಬೇಡ. ಗಬ್ಬದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಲಸಿಕೆ ಹಾಕಿಸಿದ್ದರೆ ಅದೇ ಗಿಣ್ಣಿನಲ್ಲಿ ನಂಜಿಗೆ ಮದ್ದೂ ಬಂದಿರುತ್ತದೆ. ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಸಲ, ಮೊದಲ ಅರ್ಧ ದಿನದಲ್ಲಿ ಒಟ್ಟು ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಕುಡಿಸಿ. 30 ಕಿಲೋ ಕರುವಿಗೆ ಮೂರು ಲೀಟರ್. 24 ಗಂಟೆ ಕಳೆದರೆ ಕರುಳು ಆ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುವುದು ನಿಂತುಹೋಗುತ್ತದೆ. ಕಸ ಬೀಳಲಿ ಆಮೇಲೆ ಹಾಲು ಕೊಡೋಣ ಅಂತ ಕಾಯುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಚಪ್ಪೆ ರೋಗ

ಆರು ತಿಂಗಳಿಂದ ಎರಡು ವರ್ಷದ ಕರು, ಕಡಸು, ಹೋರಿ. ಅದರಲ್ಲೂ ಚೆನ್ನಾಗಿ ಮೈ ಕೈ ತುಂಬಿಕೊಂಡಿರುವವೇ ಜಾಸ್ತಿ ಬಲಿಯಾಗುತ್ತವೆ. ಕ್ಲಾಸ್ಟ್ರಿಡಿಯಂ ಚೌವಿಯೈ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಬೀಜದ ಹಾಗೆ ಗಟ್ಟಿಯಾಗಿ ನಿದ್ದೆಯಲ್ಲಿರುವ ರೂಪ, ಮಣ್ಣಿನಿಂದ ಮೇವಿನ ಜೊತೆ ಹೊಟ್ಟೆ ಸೇರಿ, ಅಲ್ಲಿಂದ ಮಾಂಸಖಂಡಕ್ಕೆ ಹೋಗಿ ಸುಮ್ಮನೆ ಕೂತಿರುತ್ತವೆ. ಗುದ್ದಾಟದಲ್ಲೋ ಬಿದ್ದೋ ಒಳಪೆಟ್ಟಾಗಿ ಅಲ್ಲಿ ಆಮ್ಲಜನಕ ಕಡಿಮೆಯಾದರೆ ಎಚ್ಚರವಾಗುತ್ತವೆ. ಅವು ಬಿಡುವ ನಂಜು ಮಾಂಸವನ್ನೇ ಕರಗಿಸುತ್ತದೆ, ಜೊತೆಗೆ ಗಾಳಿ ತುಂಬುತ್ತದೆ.

ದನ ಇದ್ದಕ್ಕಿದ್ದಂತೆ ಕುಂಟಿದರೆ ಮುಳ್ಳು ಚುಚ್ಚಿದೆ ಅಂತ ಗೊರಸು ಮಾತ್ರ ನೋಡಿ ಬಿಡಬೇಡಿ. ತೊಡೆ, ಭುಜ, ಸೊಂಟದ ಮೇಲೆ ಅಂಗೈ ಆಡಿಸಿ. ಶುರುವಿನಲ್ಲಿ ಊತ ಬಿಸಿ ಇರುತ್ತದೆ, ನೋವಿಗೆ ದನ ಒದೆಯುತ್ತದೆ. ಆಮೇಲೆ ತಣ್ಣಗಾಗಿ ನೋವೂ ಹೋಗುತ್ತದೆ. ಆಗ ಬೆರಳಿಟ್ಟು ಒತ್ತಿದರೆ ಚರ್ಮದ ಕೆಳಗೆ ಒಣಗಿದ ತರಗೆಲೆ ಹಿಸುಕಿದ ಹಾಗೆ ಚರಚರ ಅನ್ನುತ್ತದೆ. ಕಿವಿಗಿಂತ ಮೊದಲು ಬೆರಳಿಗೇ ಅದು ತಿಳಿಯುತ್ತದೆ. ಒಮ್ಮೆ ಮುಟ್ಟಿದವರು ಮರೆಯುವುದಿಲ್ಲ. ಊತ ಬಿಸಿ ಇರುವಾಗಲೇ ಹೆಚ್ಚು ಪ್ರಮಾಣದ ಪೆನ್ಸಿಲಿನ್ ಸಿಕ್ಕರೆ ಕೆಲವು ಉಳಿಯುತ್ತವೆ. ಚರಚರ ಅನ್ನುವ ಹೊತ್ತಿಗೆ ಉಳಿಯುವುದು ಅಪರೂಪ. ಆಗ ನಿಮ್ಮ ಗಮನ ಉಳಿದ ದನಗಳ ಮೇಲಿರಲಿ: ಆ ಜಾಗದಿಂದ ಬೇರೆ ಕಡೆ ಹೊಡೆಯಿರಿ, ಎಲ್ಲಕ್ಕೂ ಲಸಿಕೆ ಹಾಕಿಸಿ. ಊತವನ್ನು ಕೊಯ್ದು ಕೀವು ತೆಗೆಯಲು ಹೋಗಬೇಡಿ, ಕೀವು ಇರುವುದಿಲ್ಲ, ಬೀಜಕ ಮಾತ್ರ ಕೊಟ್ಟಿಗೆಗೆಲ್ಲ ಹರಡುತ್ತದೆ.

ಗಳಲೆ ರೋಗದ್ದೂ ಹೀಗೇ ಓಟ. ಜೋರು ಜ್ವರ, ಗಂಟಲು ಊತ, ಗೊರಗೊರ ಉಸಿರು, ಒಂದು ದಿನದೊಳಗೆ ಸಾವು. ಎಮ್ಮೆಗಳಲ್ಲಿ ಇನ್ನೂ ಜಾಸ್ತಿ. ಉಸಿರು ಕಟ್ಟಿದ ಮೇಲೆ ಔಷಧಿ ಹೆಚ್ಚು ಕೆಲಸ ಮಾಡುವುದಿಲ್ಲ. ಹಾಗಾಗಿ ಹಿಂಡಿನಲ್ಲಿ ಒಂದಕ್ಕೆ ಬಂದ ಕೂಡಲೇ ಉಳಿದ ಎಲ್ಲದರ ತಾಪಮಾನ ದಿನಕ್ಕೆ ಎರಡು ಸಲ ನೋಡಿ, ಜ್ವರ ಕಂಡ ದನಕ್ಕೆ ಊತ ಬರುವ ಮೊದಲೇ ಚಿಕಿತ್ಸೆ ಶುರು ಮಾಡಿಸಿ.

ಸೆಟೆಯುವುದು, ಸಡಿಲವಾಗುವುದು

ಧನುರ್ವಾಯು ಮತ್ತು ಬೊಟುಲಿಸಂ ಎರಡೂ ನರದ ನಂಜು, ಕೆಲಸ ಮಾತ್ರ ಒಂದಕ್ಕೊಂದು ಉಲ್ಟಾ. ಧನುರ್ವಾಯುವಿನ ನಂಜು ಸ್ನಾಯುವನ್ನು "ಸಾಕು, ಬಿಡು" ಅನ್ನುವ ನರದ ಸಂದೇಶವನ್ನೇ ತಡೆಯುತ್ತದೆ. ದನ ಮರದ ಕುದುರೆಯ ಹಾಗೆ ಸೆಟೆದು ನಿಲ್ಲುತ್ತದೆ, ಬಾಲ ಎತ್ತಿರುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಸದ್ದಾದರೆ ಕಣ್ಣಿನ ಮೂರನೇ ರೆಪ್ಪೆ ಮೇಲೆ ಹಾರುತ್ತದೆ. ರಬ್ಬರ್ ರಿಂಗ್ ಹಾಕಿ ಬೀಜ ತೆಗೆಯುವುದು, ಕೊಂಬು ಸುಡುವುದು, ಹೆರಿಗೆಯ ಗಾಯ, ಇವೇ ಅದರ ದಾರಿ. ನಂಜಿನ ಮದ್ದು ರಕ್ತದಲ್ಲಿ ಓಡಾಡುವ ನಂಜನ್ನು ಹಿಡಿಯಬಲ್ಲದು, ನರದೊಳಗೆ ಹೊಕ್ಕಿರುವುದನ್ನು ಹೊರಗೆಳೆಯಲಾರದು. ಇಂಥ ದನವನ್ನು ಕತ್ತಲೆ, ಸದ್ದಿಲ್ಲದ ಜಾಗದಲ್ಲಿ ದಪ್ಪ ಹುಲ್ಲಿನ ಹಾಸಿನ ಮೇಲೆ ಇಡಿ.

ಬೊಟುಲಿಸಂನಲ್ಲಿ ದನ ಸಡಿಲವಾಗುತ್ತದೆ. ಜ್ವರ ಇಲ್ಲ, ಬುದ್ಧಿ ಸರಿ ಇದೆ, ಹಿಂಗಾಲು ತಡವರಿಸುತ್ತದೆ, ನಾಲಿಗೆ ಜೋತುಬೀಳುತ್ತದೆ, ನುಂಗಲಾಗುವುದಿಲ್ಲ. ಇದು ಹೆಚ್ಚಾಗಿ ಸತ್ತ ಪ್ರಾಣಿಯಿಂದ ಬರುತ್ತದೆ. ರಸಮೇವಿನೊಳಗೆ ಸಿಕ್ಕಿಕೊಂಡ ಹಾವು, ಇಲಿ, ನೀರಿನ ತೊಟ್ಟಿಯಲ್ಲಿ ಸತ್ತ ಹಕ್ಕಿ, ಹೆಣ ಬೆರೆತ ಕೋಳಿ ಗೊಬ್ಬರ. ರಂಜಕದ ಕೊರತೆ ಇರುವ ದನ ಮೂಳೆ ಅಗಿಯುವುದರಿಂದಲೂ ಬರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅರ್ನಾಲ್ಡ್ ಥೀಲರ್ ಅವರು ಪತ್ತೆಹಚ್ಚಿದ್ದು ಇದನ್ನೇ. ನಿಮ್ಮ ದನ ಮೂಳೆ, ಬಟ್ಟೆ ಅಗಿಯುತ್ತಿದ್ದರೆ ಖನಿಜ ಮಿಶ್ರಣ ಕೊಡಲು ಶುರು ಮಾಡಿ. ಮತ್ತೆ ಇದನ್ನು ದಯವಿಟ್ಟು ನೆನಪಿಡಿ: ಜೊಲ್ಲು ಸುರಿಸುತ್ತಾ ನುಂಗಲಾಗದ ದನದ ಬಾಯಿಗೆ, ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬರಿಗೈ ಹಾಕಬೇಡಿ. ಹುಚ್ಚು ರೋಗವೂ, ಅಂದರೆ ರೇಬೀಸ್ ಕೂಡ, ಹೀಗೇ ಕಾಣುತ್ತದೆ.

ಇದ್ದಕ್ಕಿದ್ದಂತೆ ಸತ್ತರೆ

ಚೆನ್ನಾಗಿದ್ದ ದನ ಸತ್ತಿದೆ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರುತ್ತಿದೆ, ಅದು ಹೆಪ್ಪುಗಟ್ಟುತ್ತಿಲ್ಲ, ಹೊಟ್ಟೆ ಬೇಗ ಉಬ್ಬಿದೆ, ಮೈ ಸರಿಯಾಗಿ ಸೆಟೆದಿಲ್ಲ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಅಂತಲೇ ತಿಳಿದು ನಡೆಯಿರಿ. ರಕ್ತ ಸೋರದೆಯೂ ನೆರಡಿ ಇರಬಹುದು, ಆದ್ದರಿಂದ ಕಾರಣ ಗೊತ್ತಿಲ್ಲದ ಯಾವ ದಿಢೀರ್ ಸಾವಿನಲ್ಲೂ ಇದೇ ಎಚ್ಚರ ಬೇಕು. ಈ ಬ್ಯಾಕ್ಟೀರಿಯಾದ ನಂಜಿಗೆ ಮೂರು ತುಂಡು. ಒಂದು ಜೀವಕೋಶದ ಬಾಗಿಲು ತೆರೆಯುತ್ತದೆ, ಉಳಿದ ಎರಡು ಒಳಗೆ ಹೋಗಿ ಊತ ತರುತ್ತವೆ, ಕೊಲ್ಲುತ್ತವೆ. ಹೆಣದೊಳಗೆ ಮುಚ್ಚಿಕೊಂಡಿದ್ದರೆ ಕ್ರಿಮಿ ಕೊಳೆತು ಸಾಯುತ್ತದೆ. ಕೊಯ್ದು ಗಾಳಿ ತಾಗಿಸಿದರೆ ಬೀಜಕವಾಗುತ್ತದೆ, ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಬ್ರಿಟನ್ 1942ರಲ್ಲಿ ಸ್ಕಾಟ್ಲೆಂಡ್‌ನ ಗ್ರುಯಿನಾರ್ಡ್ ದ್ವೀಪದಲ್ಲಿ ಇದನ್ನು ಪ್ರಯೋಗಕ್ಕೆ ಬಳಸಿತು. ಆ ನೆಲವನ್ನು 1986ರಲ್ಲಿ ಫಾರ್ಮಾಲ್ಡಿಹೈಡ್ ಸುರಿದು ಶುದ್ಧ ಮಾಡಬೇಕಾಯಿತು.

ಹೆಣ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಯಾರಿಗೂ ಕೊಡಬೇಡಿ, ನೆಲದ ಮೇಲೆ ಎಳೆದಾಡಬೇಡಿ. ನಾಯಿ, ಹಕ್ಕಿ ಬಾರದಂತೆ ಮುಚ್ಚಿ ಕಾವಲಿರಿ, ಪಶುವೈದ್ಯರಿಗೆ ಹೇಳಿ. ಅವರು ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡುತ್ತಾರೆ. ಅಷ್ಟೇ ಸಾಕು. ಆಮೇಲೆ ಅವರು ಹೇಳಿದಂತೆ ಸುಡುವುದು, ಇಲ್ಲವೇ ಆಳದಲ್ಲಿ ಹೂಳುವುದು. ಮುಟ್ಟಿದವರ ಕೈಯಲ್ಲಿ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪಾದರೆ ತಡ ಮಾಡದೆ ಮನುಷ್ಯರ ಡಾಕ್ಟರ ಹತ್ತಿರ ಹೋಗಬೇಕು.

ಲಸಿಕೆ ಕೆಡದಂತೆ

ಲಸಿಕೆ ಹಾಕಿಸಿದ್ದೆವು, ಆದರೂ ಬಂತು ಅನ್ನುವವರಲ್ಲಿ ಹಲವರ ಲಸಿಕೆ ದಾರಿಯಲ್ಲೇ ಕೆಟ್ಟಿರುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿಲಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದರೂ ಕೆಡುತ್ತದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಬಾಟಲಿಯನ್ನು ಮಂಜುಗಡ್ಡೆಗೆ ನೇರ ತಾಗಿಸಬೇಡಿ, ನಡುವೆ ಬಟ್ಟೆ ಸುತ್ತಿ. ಪ್ರತಿ ಸಲ ಸೂಜಿಗೆ ಎಳೆಯುವ ಮೊದಲು ಚೆನ್ನಾಗಿ ಅಲುಗಿಸಿ, ಕೆಲಸ ಮಾಡುವ ಅಂಶ ತಳದಲ್ಲಿ ಕೂತಿರುತ್ತದೆ.

ಕರುಗಳಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ ಶುರು. ಕ್ಲಾಸ್ಟ್ರಿಡಿಯಂ ಲಸಿಕೆಗಳಲ್ಲಿ ಬಹಳಷ್ಟಕ್ಕೆ ಮೊದಲ ಸಲ ಎರಡು ಡೋಸ್ ಬೇಕು, ನಡುವೆ ನಾಲ್ಕರಿಂದ ಆರು ವಾರ. ಮೊದಲನೆಯದು ದೇಹಕ್ಕೆ ನಂಜಿನ ಪರಿಚಯ ಮಾಡಿಕೊಡುತ್ತದೆ ಅಷ್ಟೇ, ನಿಜವಾದ ರಕ್ಷಣೆ ಎರಡನೆಯದರಿಂದ ಬರುತ್ತದೆ. ಆಮೇಲೆ ವರ್ಷಕ್ಕೊಮ್ಮೆ. ನೆರಡಿ ರೋಗದ ಲಸಿಕೆ ಮಾತ್ರ ಬೇರೆ, ಅದರಲ್ಲಿ ಶಕ್ತಿ ಕಳೆದುಕೊಂಡ ಜೀವಂತ ಬೀಜಕ ಇರುತ್ತದೆ. ಅದನ್ನು ರೋಗ ಬಂದಿರುವ ಪ್ರದೇಶದಲ್ಲಿ ಮಾತ್ರ ಹಾಕುತ್ತಾರೆ, ಆ ದಿನಗಳಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಲಸಿಕೆಯೇ ಸತ್ತುಹೋಗುತ್ತದೆ. ಮೊದಲ ಡೋಸ್ ಹಾಕಿಸಿದ ದಿನವೇ ಎರಡನೆಯದರ ತಾರೀಖನ್ನು ಕೊಟ್ಟಿಗೆಯ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡಿ, ಕರುವಿನ ಗುರುತಿನ ಜೊತೆಗೆ.